ಪುಸ್ತಕಕ್ಕೆ ದನಿ, ಬಣ್ಣ, ಹೆಜ್ಜೆ: ಸಣ್ಣ ಪ್ರಕಾಶನದ ವಾರ್ಷಿಕೋತ್ಸವ ಮಾಡುವ ಬಗೆ

ದೊಡ್ಡ ಬಂಡವಾಳವಿಲ್ಲದೆ, ಪಠ್ಯಪುಸ್ತಕ ಗೈಡುಗಳ ಆಸರೆಯಿಲ್ಲದೆ, ಕಥೆ ಕವಿತೆ ನಾಟಕ ವಿಮರ್ಶೆಗಳನ್ನೇ ನೆಚ್ಚಿಕೊಂಡ ಒಂದು ಪ್ರಕಾಶನ 25 ವರ್ಷ ದಾಟಿತೆಂದರೆ ಅದು ಊರಿಗೆ ಊರೇ ಸಂಭ್ರಮಿಸಬೇಕಾದ ಸಂಗತಿ. ಆದರೆ ಆ ಸಂಭ್ರಮ ಬಹಳ ಸಲ ಒಂದೇ ಜಾಡಿನಲ್ಲಿ ನಡೆದುಹೋಗುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ನಾಲ್ಕು ಭಾಷಣ, ಶಾಲು-ಹಾರದ ಸನ್ಮಾನ, ವಂದನಾರ್ಪಣೆ. ಮೂರು ಗಂಟೆ ಮುಗಿದರೂ ಆ ಪ್ರಕಾಶನ ಹೊರತಂದ ಪುಸ್ತಕಗಳ ಒಂದು ಸಾಲು ಕೂಡ ಯಾರ ಕಿವಿಗೂ ಬಿದ್ದಿರುವುದಿಲ್ಲ. ಪುಸ್ತಕಗಳನ್ನೇ ವೇದಿಕೆಗೆ ತಂದು, ಓದಿ, ಹಾಡಿ, ಬರೆದು, ಆಡಿ ಹಬ್ಬ ಮಾಡುವುದು ಹೇಗೆ ಎನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಪ್ರಕಾಶಕರಿಗೆ, ಅವರ ಬೆನ್ನಿಗೆ ನಿಂತ ಗೆಳೆಯರಿಗೆ, ಊರಿನ ಓದುಗರ ಬಳಗಕ್ಕೆ, ಹವ್ಯಾಸಿ ರಂಗತಂಡಗಳಿಗೆ ಇದು ಉಪಯೋಗಕ್ಕೆ ಬಂದೀತು.

ಪುಸ್ತಕ ಮತ್ತು ರಂಗಭೂಮಿಯ ನಂಟು ಕನ್ನಡಕ್ಕೆ ಹೊಸದಲ್ಲ. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ ಜಿ.ಬಿ. ಜೋಶಿಯವರು 'ಜಡಭರತ' ಎಂಬ ಹೆಸರಿನಲ್ಲಿ ನಾಟಕ ಬರೆದವರು. ಸುಭಾಷ ರಸ್ತೆಯ ಅವರ ಅಟ್ಟಕ್ಕೆ ಹತ್ತಿ ಬಂದ ಹಸ್ತಪ್ರತಿಗಳಲ್ಲಿ ಗಿರೀಶ ಕಾರ್ನಾಡರ ಮೊದಲ ನಾಟಕವೂ ಇತ್ತು. 1961ರಲ್ಲಿ ಅದು ಅಲ್ಲಿಂದಲೇ ಪುಸ್ತಕವಾಯಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಒಂದು ಕೈಯಲ್ಲಿ ನೀನಾಸಂ ಎಂಬ ರಂಗಸಂಸ್ಥೆ, ಇನ್ನೊಂದು ಕೈಯಲ್ಲಿ ಅಕ್ಷರ ಪ್ರಕಾಶನ ಹಿಡಿದು ನಡೆಸಿದರು. ಅಚ್ಚಾದದ್ದು ಆಡಲ್ಪಡಬೇಕು, ಆಡಿದ್ದು ಅಚ್ಚಾಗಬೇಕು ಎಂಬ ನಂಬಿಕೆ ಈ ಎರಡೂ ಕಡೆ ಇತ್ತು. ನಿಮ್ಮ ಊರಿನ ಪ್ರಕಾಶನದ ಹಬ್ಬವನ್ನು ಆ ನಂಬಿಕೆಯ ಮೇಲೆ ಕಟ್ಟಿ.

1. ಆರು ತಿಂಗಳು ಮೊದಲು: ದಿನ, ಜನ, ಕಪಾಟು

ದಿನ ಗೊತ್ತುಮಾಡಲು ಮೊದಲ ಪುಸ್ತಕದ ಒಳಪುಟ ತೆರೆದು ಮೊದಲ ಮುದ್ರಣದ ಇಸವಿ ನೋಡಿ. ತಿಂಗಳ ಬಗ್ಗೆ ಹಟ ಬೇಡ. ಮಲೆನಾಡು, ಕರಾವಳಿ, ಧಾರವಾಡದ ಕಡೆ ಮಳೆಗಾಲ ಬಿಡಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಪರೀಕ್ಷೆಗಳು. ನವೆಂಬರ್ ತುಂಬ ರಾಜ್ಯೋತ್ಸವಗಳಾದ್ದರಿಂದ ಸಭಾಂಗಣವೂ ಸಿಗದು, ಹಾಡುವವರೂ ಸಿಗರು. ಡಿಸೆಂಬರ್ ಕೊನೆ ಅಥವಾ ಜನವರಿ ಒಳ್ಳೆಯದು.

ಐದಾರು ಜನರ ಒಂದು ತಂಡ ಸಾಕು. ಅದರಲ್ಲಿ ಒಬ್ಬರಾದರೂ ಆ ಪ್ರಕಾಶನದ ಪುಸ್ತಕಗಳನ್ನು ನಿಜವಾಗಿ ಓದಿಕೊಂಡವರಿರಬೇಕು, ಒಬ್ಬರು ರಂಗಭೂಮಿ ಬಲ್ಲವರಿರಬೇಕು, ಒಬ್ಬರು ಲೆಕ್ಕ ಇಡುವವರಿರಬೇಕು.

ಆಮೇಲೆ ಕಪಾಟು ತೆಗೆಯಿರಿ. ಮೊದಲ ಮುದ್ರಣದ ಪ್ರತಿಗಳು, ಕರಡಚ್ಚಿನ ಹಾಳೆಗಳ ಮೇಲಿನ ಕೆಂಪು ಶಾಯಿ, ಮುಖಪುಟದ ಹಳೆಯ ಬ್ಲಾಕುಗಳು (ಚಿತ್ರ ಅಚ್ಚೊತ್ತುವ ಫಲಕಗಳು), ಲೇಖಕರ ಪೋಸ್ಟ್‌ಕಾರ್ಡುಗಳು, ವಿ.ಪಿ.ಪಿ. (ಹಣ ಕೊಟ್ಟು ಬಿಡಿಸಿಕೊಳ್ಳುವ ಅಂಚೆ) ವಾಪಸು ಬಂದ ಕವರುಗಳು, ಚಂದಾದಾರರ ರಿಜಿಸ್ಟರು. ಒಂದೊಂದನ್ನೂ ಪಟ್ಟಿ ಮಾಡಿ, ಫೋಟೋ ತೆಗೆದಿಡಿ. ಗೆದ್ದಲು ಹಿಡಿದದ್ದು, ತೇವ ಕುಡಿದದ್ದು ಇದ್ದರೆ ಬೇರೆ ಇಡಿ. ಗೌರವದ ಪ್ರತಿಗಳ ನಡುವೆಯೇ ಎಲ್ಲೋ ಮರೆತುಹೋದ ಒಂದು ಒಳ್ಳೆಯ ಕಥಾಸಂಕಲನ ಸಿಗುತ್ತದೆ. ಅದನ್ನು ಹೊರಗೆ ತೆಗೆದಿಡಿ. ಎಲ್ಲರಿಗೂ ಗೊತ್ತಿರುವ ಪುಸ್ತಕಕ್ಕಿಂತ ಹಬ್ಬಕ್ಕೆ ಬೇಕಾದದ್ದು ಅದು.

2. ಯಾವುದನ್ನು ಓದುವುದು, ಎಷ್ಟು ಓದುವುದು

ಇಡೀ ಕಾರ್ಯಕ್ರಮ ನಿಲ್ಲುವುದೂ ಬೀಳುವುದೂ ಈ ಹಂತದಲ್ಲಿ. ಎಲ್ಲ ಲೇಖಕರಿಗೂ ನ್ಯಾಯ ಸಲ್ಲಿಸಲು ಹೊರಟರೆ 40 ಪುಸ್ತಕಗಳಿಂದ ಎರಡೆರಡು ಪ್ಯಾರಾ ಓದಬೇಕಾಗುತ್ತದೆ. ಅದು ಹಾಜರಿ ಕರೆದಂತಾಗುತ್ತದೆ. ಐದು ಪುಸ್ತಕ ಆರಿಸಿ. ಉಳಿದವುಗಳಿಗೆ ಪ್ರದರ್ಶನದ ಗೋಡೆಯಿದೆ, ಮಾರಾಟದ ಮೇಜಿದೆ.

ಆರಿಸುವಾಗ ಭಾಗವನ್ನು ಗಟ್ಟಿಯಾಗಿ ಓದಿ ನೋಡಿ. ಕಣ್ಣಿಗೆ ಚೆಂದ ಕಾಣುವ ಗದ್ಯವೆಲ್ಲ ಬಾಯಿಗೆ ಒಗ್ಗುವುದಿಲ್ಲ. ಸಂಭಾಷಣೆ ಇರುವ, ಒಂದು ಸಣ್ಣ ಗುದ್ದಾಟ ನಡೆಯುವ, ಯಾರೋ ಏನನ್ನೋ ಬಚ್ಚಿಡುತ್ತಿರುವ ಭಾಗ ವೇದಿಕೆಯ ಮೇಲೆ ಉಸಿರಾಡುತ್ತದೆ. ನಿಧಾನವಾಗಿ, ಕೇಳುವವರಿಗೆ ಎಟಕುವಂತೆ ಓದಿದರೆ ಡೆಮಿ ಅಷ್ಟದಳದ (ಸಾಮಾನ್ಯ ಪುಸ್ತಕದ ಅಳತೆಯ) ಒಂದು ಪುಟಕ್ಕೆ ಎರಡರಿಂದ ಎರಡೂವರೆ ನಿಮಿಷ ಹಿಡಿಯುತ್ತದೆ. ಹಾಗಾಗಿ ಒಂದು ವಾಚನಕ್ಕೆ ನಾಲ್ಕೈದು ಪುಟ ದಾಟಬೇಡಿ. ಕತ್ತರಿಸಬೇಕಾದರೆ ಲೇಖಕರನ್ನು ಕೇಳಿ ಕತ್ತರಿಸಿ, ವಾಕ್ಯ ಬದಲಿಸಬೇಡಿ.

ಓದುವವರ ಆಯ್ಕೆಯಲ್ಲಿ ನನ್ನದೊಂದು ಗಟ್ಟಿ ನಿಲುವಿದೆ. ಉಪಭಾಷೆಯಲ್ಲಿ ಬರೆದದ್ದನ್ನು ಆ ಭಾಷೆಯನ್ನು ಮನೆಯಲ್ಲಿ ಆಡುವವರೇ ಓದಲಿ. ಚಾಮರಾಜನಗರದ ಕಡೆಯ ಮಾತನ್ನು ಬೇರೆ ಸೀಮೆಯ ಹೆಸರಾಂತ ನಟರೊಬ್ಬರು ಅಭ್ಯಾಸ ಮಾಡಿ ಆಡಿದರೂ ಅದರ ಎಳೆತ, ನಿಲುಗಡೆ ಹುಸಿಯಾಗುತ್ತದೆ. ಧಾರವಾಡದ "ಹೌದಲ್ರೀ" ಅನ್ನುವುದರಲ್ಲಿರುವ ಅರ್ಧ ಅನುಮಾನ, ಅರ್ಧ ಒಪ್ಪಿಗೆಯನ್ನು ಹೊರಗಿನವರು ಹೇಳಿಕೊಟ್ಟು ಬರಿಸಲಾಗದು. ಆ ಭಾಗದಿಂದ ಬಂದ ಒಬ್ಬ ಕಾಲೇಜು ಹುಡುಗಿಯನ್ನೋ, ಬ್ಯಾಂಕಿನ ಉದ್ಯೋಗಿಯನ್ನೋ ಹುಡುಕಿ ನಾಲ್ಕು ಸಲ ತಾಲೀಮು ಮಾಡಿಸಿ, ಫಲ ನೋಡಿ.

3. ಅನುಮತಿಯ ಕಾಗದಗಳು

ಪ್ರಕಾಶಕರೇ ಹಬ್ಬ ಮಾಡುತ್ತಿದ್ದಾರೆ, ಪುಸ್ತಕ ಅವರದೇ, ಇನ್ನೇನು ಅನುಮತಿ ಎಂದು ಅನಿಸಬಹುದು. ಪ್ರಕಾಶಕರ ಬಳಿ ಇರುವುದು ಸಾಮಾನ್ಯವಾಗಿ ಅಚ್ಚು ಹಾಕುವ ಹಕ್ಕು ಮಾತ್ರ. ರಂಗಪ್ರಯೋಗದ ಹಕ್ಕು, ಹಾಡಿ ಧ್ವನಿಮುದ್ರಿಸುವ ಹಕ್ಕು ಕರಾರಿನಲ್ಲಿ ಬರೆದಿರದಿದ್ದರೆ ಲೇಖಕರಲ್ಲೇ ಉಳಿದಿರುತ್ತದೆ. ಹಳೆಯ ಕರಾರುಗಳಲ್ಲಿ ಅವಧಿಯನ್ನೇ ಬರೆದಿರುವುದಿಲ್ಲ; ಹಾಗೆ ವಹಿಸಿಕೊಟ್ಟ ಹಕ್ಕನ್ನು 1957ರ ಕೃತಿಸ್ವಾಮ್ಯ ಕಾಯಿದೆ 5 ವರ್ಷಕ್ಕೆ ಸೀಮಿತ ಎಂದು ಪರಿಗಣಿಸುತ್ತದೆ.

ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ವಾರಸುದಾರರದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ ಅವರ ಕೃತಿಗಳ ಹಕ್ಕು 2041ರ ಕೊನೆಯವರೆಗೂ ಇದೆ. ಪ್ರಕಟಿತ ಕೃತಿಯ ಮಿತವಾದ ಭಾಗವನ್ನು ಸಾರ್ವಜನಿಕವಾಗಿ ಓದುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಟಿಕೆಟ್ ಇಡದೆ, ಹವ್ಯಾಸಿ ಸಂಘವೊಂದು ಆಡುವ ಪ್ರಯೋಗಕ್ಕೂ ವಿನಾಯಿತಿ ಇದೆ. ಆದರೆ ಅದನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವುದು ಬೇರೆಯೇ ಮಾತು. ಅದಕ್ಕೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ವಿನಾಯಿತಿ ಇದ್ದಲ್ಲೂ ಕೇಳಿ. ಲೇಖಕರ ಮನೆಗೆ ಹೋಗಿ, "ಅಮ್ಮಾ, ಅವರ ಕಥೆಯನ್ನು ಓದುತ್ತಿದ್ದೇವೆ, ನೀವು ಬರಬೇಕು" ಎಂದು ಕರೆಯುವುದು ಕಾಗದದ ಕೆಲಸಕ್ಕಿಂತ ದೊಡ್ಡದು. ಎಷ್ಟೋ ಮನೆಗಳಲ್ಲಿ ಕವಿ ತೀರಿಕೊಂಡ ಮೇಲೆ ಪ್ರಕಾಶಕರಿಂದ ಬಂದ ಮೊದಲ ಮಾತು ಇದೇ ಆಗಿರುತ್ತದೆ.

ಮುಖಪುಟ ಬರೆದ ಕಲಾವಿದರನ್ನು ಎಲ್ಲರೂ ಮರೆಯುತ್ತಾರೆ. ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ಕಾನೂನಿನ ಪ್ರಕಾರ ಬರೆಸಿದವರದು; ಹಣವಿಲ್ಲದೆ ಹೊರಗಿನಿಂದ ಬರೆದುಕೊಟ್ಟದ್ದು, ಹಕ್ಕು ಬರೆದುಕೊಡದ ಹೊರತು, ಕಲಾವಿದರದೇ. ಯಾವುದೇ ಆದರೂ, ಪ್ರದರ್ಶನಕ್ಕೆ, ಪೋಸ್ಟರಿಗೆ, ಕ್ಯಾಲೆಂಡರಿಗೆ ಬಳಸುವ ಮೊದಲು ಅವರನ್ನೂ ಕೇಳಿ, ಹೆಸರು ಹಾಕಿ.

4. ಪುಸ್ತಕಕ್ಕೆ ಒಪ್ಪುವ ಪ್ರಕಾರ ಯಾವುದು

ಪ್ರಕಾರವನ್ನು ಮೊದಲೇ ನಿಶ್ಚಯಿಸಿಕೊಂಡು ಪುಸ್ತಕ ಹುಡುಕಬೇಡಿ. ಆರಿಸಿದ ಐದು ಪುಸ್ತಕಗಳನ್ನು ಮುಂದಿಟ್ಟುಕೊಂಡು ಪ್ರತಿಯೊಂದಕ್ಕೂ ಏನು ಬೇಕು ಎಂದು ಕೇಳಿಕೊಳ್ಳಿ.

ಕಾದಂಬರಿ, ಕಥೆಗಳಿಗೆ ರಂಗವಾಚನ ಒಪ್ಪುತ್ತದೆ. ಮೂರೋ ನಾಲ್ಕೋ ಜನ, ಕಪ್ಪು ಅಥವಾ ಸಾದಾ ಬಟ್ಟೆ, ಕೂರಲು ಸ್ಟೂಲು, ಕೈಯಲ್ಲಿ ಹಾಳೆ. ಒಬ್ಬರು ನಿರೂಪಣೆ, ಉಳಿದವರು ಮಾತು. ಅಭಿನಯ ಕತ್ತಿನಿಂದ ಮೇಲಕ್ಕಿದ್ದರೆ ಸಾಕು. ಹಾಳೆಯನ್ನು 16 ಪಾಯಿಂಟಿನಲ್ಲಿ, ಒಂದೇ ಮಗ್ಗುಲಿಗೆ ಅಚ್ಚು ಮಾಡಿ, ಪುಟದ ಕೊನೆಯಲ್ಲಿ ವಾಕ್ಯ ಮುರಿಯದಂತೆ ನೋಡಿ. ಹಾಳೆ ತಿರುವುವ ಸದ್ದನ್ನು ಮೈಕು ಹಿಡಿಯುತ್ತದೆ. ಹಿನ್ನೆಲೆಗೆ ಕೊಳಲು ತುಂಬುವ ಚಾಳಿ ಬಿಡಿ. ಒಳ್ಳೆಯ ಗದ್ಯಕ್ಕೆ ಮೌನವೇ ಸಾಕು.

ಕವಿತೆಗೆ ಕಾವ್ಯಗಾಯನವಿದೆ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರು ಕವಿತೆಯನ್ನು ಪುಸ್ತಕ ತೆರೆಯದವರ ನಾಲಿಗೆಗೂ ತಲುಪಿಸಿದ ನಾಡು ಇದು. ಆದರೂ ಇವತ್ತಿನ ಎಲ್ಲ ಕವಿತೆಯೂ ಹಾಡಲ್ಲ. ಛಂದಸ್ಸು ಬಿಟ್ಟ ಕವಿತೆಯನ್ನು ರಾಗಕ್ಕೆ ಕಟ್ಟಲು ಹೋಗಿ ಪದಗಳನ್ನು ಎಳೆದಾಡುವುದಕ್ಕಿಂತ ಕವಿಯೇ ಓದಲಿ, ಕವಿ ಇಲ್ಲವಾದರೆ ಇನ್ನೊಬ್ಬ ಕವಿ ಓದಲಿ. ಹೊಸ ರಾಗ ಹಾಕಿಸುವುದಾದರೆ ಸಂಗೀತಗಾರರಿಗೆ ಎರಡು ತಿಂಗಳಾದರೂ ಬಿಡುವು ಕೊಡಿ.

ಪ್ರಕಾಶನ ಹಳೆಗನ್ನಡ, ನಡುಗನ್ನಡ ಕಾವ್ಯ ತಂದಿದ್ದರೆ ಗಮಕ (ಕಾವ್ಯವನ್ನು ರಾಗವಾಗಿ ಓದುವ ಕಲೆ) ಬಿಟ್ಟು ಬೇರೆ ದಾರಿ ಯಾಕೆ? ಒಬ್ಬರು ವಾಚನ, ಒಬ್ಬರು ವ್ಯಾಖ್ಯಾನ, 30 ನಿಮಿಷ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಂಥ ಊರುಗಳು ಈ ಕಲೆಯನ್ನು ಉಳಿಸಿಕೊಂಡಿವೆ. ಗಮಕಿಗಳಿಗೆ ಪದ್ಯಗಳ ಪಟ್ಟಿಯನ್ನು ನಿಮ್ಮ ಪುಸ್ತಕದ ಪಾಠದಿಂದಲೇ ಕೊಡಿ. ವಾಚಿಸಿದ ಪಾಠ ಪುಸ್ತಕಕ್ಕಿಂತ ಬೇರೆಯಾದರೆ ಸಂಪಾದಕರು ಮುಂದಿನ ಸಾಲಿನಲ್ಲಿ ಕೂತು ಕಸಿವಿಸಿಪಡುತ್ತಾರೆ.

ಕರಾವಳಿಯಲ್ಲೋ ಮಲೆನಾಡಿನಲ್ಲೋ ಇದ್ದರೆ ತಾಳಮದ್ದಳೆಯನ್ನು ಯೋಚಿಸಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಮದ್ದಳೆ-ಚೆಂಡೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಆಶುಮಾತು. ಪುರಾಣದ ವಸ್ತುವನ್ನು ಹೊಸದಾಗಿ ಕಂಡ ನಾಟಕ, ಕಾದಂಬರಿ ನಿಮ್ಮ ಪ್ರಕಾಶನದಲ್ಲಿದ್ದರೆ ಆ ಹೊಸ ದೃಷ್ಟಿಯನ್ನು ಅರ್ಥಧಾರಿಯೊಬ್ಬರು ಓದಿಕೊಂಡು ಬಂದು ಹಳೆಯ ಪ್ರಸಂಗದ ಒಳಗೆ ವಾದಕ್ಕಿಡುವುದು ಅಪರೂಪದ ಅನುಭವ. ವಿಮರ್ಶಕರು ಪುಟಗಟ್ಟಲೆ ಬರೆಯುವುದನ್ನು ಇಬ್ಬರು ಕೂತಲ್ಲೇ ಜಗಳವಾಡಿ ಬಗೆಹರಿಸುತ್ತಾರೆ. ಒಂದೂವರೆ ಗಂಟೆ ಬೇಕು. ಹಾಗಾಗಿ ಅದಕ್ಕೆ ಬೇರೆ ದಿನವೇ ಇಟ್ಟರೆ ಒಳಿತು.

ಇನ್ನು ಗೀತ-ಚಿತ್ರ: ಗಾಯಕರು ಹಾಡುತ್ತಿದ್ದಂತೆ ಕಲಾವಿದರು ಪಕ್ಕದಲ್ಲಿ ನಿಂತು ಚಿತ್ರ ಬರೆಯುವುದು. ಬಿ.ಕೆ.ಎಸ್. ವರ್ಮಾ ಅವರು ವೇದಿಕೆಯ ಮೇಲೆ ನಿಮಿಷಗಳಲ್ಲಿ ಚಿತ್ರ ಮೂಡಿಸುತ್ತಿದ್ದುದನ್ನು ಕಂಡವರು ಈಗಲೂ ನೆನೆಯುತ್ತಾರೆ. ನಾಲ್ಕು ಅಡಿ ಅಗಲ, ಐದು ಅಡಿ ಎತ್ತರದ ಕ್ಯಾನ್ವಾಸು, ಬೇಗ ಒಣಗುವ ಅಕ್ರಿಲಿಕ್ ಬಣ್ಣ, ಅಗಲ ಕುಂಚಗಳು, ಕಲಾವಿದರ ಬೆನ್ನು ಚಿತ್ರವನ್ನು ಮುಚ್ಚದಂತೆ ಓರೆಯಾಗಿಟ್ಟ ಚೌಕಟ್ಟು ಇವಿಷ್ಟು ಬೇಕು. ಒದ್ದೆ ಬಣ್ಣದ ಮೇಲೆ ನೇರ ಬೆಳಕು ಬಿದ್ದರೆ ಮಿರುಗಿ ಏನೂ ಕಾಣದು. ದೀಪವನ್ನು ಎರಡೂ ಬದಿಯಿಂದ ಬೀಳಿಸಿ. ಹಾಡು ಎಂಟು ನಿಮಿಷವಾದರೂ ಇರಬೇಕು. ಗಾಯಕರು ಯಾವ ಚರಣದಲ್ಲಿ ನಿಂತು ಆಲಾಪಕ್ಕೆ ಹೋಗುತ್ತಾರೆ ಎನ್ನುವುದು ಕಲಾವಿದರಿಗೆ ಮೊದಲೇ ಗೊತ್ತಿದ್ದರೆ ಚಿತ್ರ ಹಾಡಿನ ಜೊತೆ ಮುಗಿಯುತ್ತದೆ. ಆ ಚಿತ್ರವನ್ನೇ ಕವನಸಂಕಲನದ ಮುಂದಿನ ಮುದ್ರಣಕ್ಕೆ ಮುಖಪುಟ ಮಾಡಬಹುದು. ಹಬ್ಬ ಪುಸ್ತಕಕ್ಕೆ ಏನನ್ನಾದರೂ ಮರಳಿ ಕೊಡುವುದು ಹೀಗೆ.

ನಾಟಕ ಪ್ರಕಟಿಸಿದ ಪ್ರಕಾಶನವಾದರೆ ಇಡೀ ನಾಟಕ ಆಡಿಸಲು ಆಸೆಯಾಗುವುದು ಸಹಜ. ಮೂರು ತಿಂಗಳ ತಾಲೀಮಿಗೆ ತಂಡವಿದ್ದರೆ ಮಾತ್ರ ಕೈಹಾಕಿ. ಇಲ್ಲವಾದರೆ ಒಂದೇ ದೃಶ್ಯ ಸಾಕು. ಜಡಭರತರ 'ಸತ್ತವರ ನೆರಳು' ನಾಟಕ ಬಿ.ವಿ. ಕಾರಂತರ ಕೈಯಲ್ಲಿ ದಾಸರ ಪದಗಳ ಜೊತೆ ರಂಗಕ್ಕೆ ಬಂದದ್ದನ್ನು ನೆನೆದರೆ ತಿಳಿಯುತ್ತದೆ, ಪ್ರಕಾಶಕ ಬರೆದ ಮಾತು ಸರಿಯಾದ ನಿರ್ದೇಶಕರ ಕೈಗೆ ಬಿದ್ದಾಗ ಎಲ್ಲಿಗೆ ಏರುತ್ತದೆ ಎಂದು.

5. ಗೋಡೆಯ ಮೇಲೆ ಮುಖಪುಟಗಳು

ಮುಖಪುಟಗಳ ಪ್ರದರ್ಶನ ಕಡಿಮೆ ಖರ್ಚಿನ, ಹೆಚ್ಚು ಫಲದ ಕೆಲಸ. ಒಳ್ಳೆಯ ಪ್ರತಿ ಆರಿಸಿ, ಅಚ್ಚಾಗಬೇಕಾದ ಅಳತೆಗೆ 300 ಡಿ.ಪಿ.ಐ. ಬರುವಂತೆ ಸ್ಕ್ಯಾನ್ ಮಾಡಿ, 12×18 ಅಂಗುಲಕ್ಕೆ ಮಿರುಗದ ಕಾಗದದಲ್ಲಿ ಅಚ್ಚು ಹಾಕಿಸಿ ಸನ್‌ಬೋರ್ಡಿಗೆ (ಹಗುರವಾದ ಫೋಮ್ ಹಲಗೆಗೆ) ಅಂಟಿಸಿ. ಎರಡೇ ಬಣ್ಣದಲ್ಲಿ ಬ್ಲಾಕು ಮಾಡಿಸಿ ಮುದ್ರಿಸಿದ ಹಳೆಯ ಮುಖಪುಟಗಳನ್ನು ಕಂಪ್ಯೂಟರಿನಲ್ಲಿ ಹೊಳೆಯಿಸಬೇಡಿ; ಆ ಮಾಸಲು ಕೆಂಪೇ ಅದರ ಕಾಲ. ಚಿತ್ರದ ನಡುಭಾಗ ನೆಲದಿಂದ ಸುಮಾರು ಐದಡಿ ಎತ್ತರಕ್ಕೆ ಬರಲಿ. ಕೆಳಗಿನ ಚೀಟಿಯಲ್ಲಿ ಪುಸ್ತಕ, ಲೇಖಕರು, ಇಸವಿ, ಬೆಲೆ, ಕಲಾವಿದರು, ಮುದ್ರಣಾಲಯ. ಬೆಲೆ ಖಂಡಿತ ಬರೆಯಿರಿ. ಒಂದೂವರೆ ರೂಪಾಯಿ ಎಂಬುದನ್ನು ಓದಿದ ಕೂಡಲೇ ಜನ ನಿಂತು ಮಾತಾಡಲು ಶುರುಮಾಡುತ್ತಾರೆ.

ಮೂಲ ಪ್ರತಿ, ಪತ್ರಗಳು ಗಾಜಿನ ಪೆಟ್ಟಿಗೆಯೊಳಗೇ ಇರಲಿ, ಟೇಪು ಅಂಟಿಸಬೇಡಿ. ಖಾಸಗಿ ಪತ್ರವಾದರೆ ಬರೆದವರ ಮನೆಯವರನ್ನು ಕೇಳಿ.

ಊರಿನಲ್ಲಿ ಮುಚ್ಚಿದ ಹಳೆಯ ಮುದ್ರಣಾಲಯವಿದ್ದರೆ ಅಲ್ಲಿಂದ ಅಚ್ಚುಮೊಳೆಗಳ ಕೇಸು, ಸಾಧ್ಯವಾದರೆ ಕೈಯಲ್ಲಿ ಒತ್ತುವ ಪ್ರೂಫ್ ಪ್ರೆಸ್ಸು ತರಿಸಿ. ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಕೂತು ಮಕ್ಕಳ ಹೆಸರನ್ನು ಜೋಡಿಸಿ ಒತ್ತಿಕೊಟ್ಟರೆ ಆ ಮೇಜಿನ ಮುಂದಿನ ಸಾಲು ಕರಗುವುದೇ ಇಲ್ಲ. ಅವರನ್ನೇ ಸಂಜೆ ವೇದಿಕೆಗೂ ಕರೆಯಿರಿ. ಸನ್ಮಾನ ಮಾಡಲೇಬೇಕೆಂದರೆ ಮೊಳೆ ಜೋಡಿಸಿದವರು, ಕರಡು ತಿದ್ದಿದವರು, ಡಿ.ಟಿ.ಪಿ. ಮಾಡಿದ ಹೆಣ್ಣುಮಕ್ಕಳು, ಬೈಂಡಿಂಗಿನವರು ಇವರಿಗೆ ಮಾಡಿ. ಪುಸ್ತಕದ ಎಲ್ಲ ಪುಟಗಳನ್ನು ಮೊದಲು ಓದಿದವರು ಅವರು.

6. ಹಣ

ಖರ್ಚಿನ ಪಟ್ಟಿಯಲ್ಲಿ ಕಲಾವಿದರ ಸಂಭಾವನೆ ಮೊದಲ ಸಾಲಿನಲ್ಲಿರಲಿ. ಫ್ಲೆಕ್ಸಿಗೆ, ಹೂವಿನ ಹಾರಕ್ಕೆ, ಊಟಕ್ಕೆ ದುಡ್ಡು ಕೊಟ್ಟು ಹಾಡಿದವರಿಗೆ ಪುಸ್ತಕದ ಕಟ್ಟು ಕೊಟ್ಟು ಕಳಿಸುವ ಪದ್ಧತಿ ನಿಲ್ಲಬೇಕು. ಸಭಾಂಗಣ, ಧ್ವನಿ-ಬೆಳಕು, ಪ್ರಯಾಣ, ಪ್ರದರ್ಶನದ ಮುದ್ರಣ, ಚಹಾ ಆಮೇಲೆ.

ಹಣ ಕೂಡಿಸಲು ಹಳೆಯ ದಾರಿಯೇ ಗಟ್ಟಿ. ಮನೋಹರ ಗ್ರಂಥಮಾಲೆ ಬೆಳೆದದ್ದು ಚಂದಾದಾರರಿಂದ: ವರ್ಷದ ಚಂದಾ ಮೊದಲೇ ಕೊಟ್ಟವರಿಗೆ ವರ್ಷದ ಪುಸ್ತಕಗಳು. ನೀವೂ ವೇದಿಕೆಗೆ ಬರುವ ಐದು ಪುಸ್ತಕಗಳ ಒಂದು ಕಟ್ಟು ಮಾಡಿ, ಮುಂಗಡ ಕೊಟ್ಟವರಿಗೆ ರಿಯಾಯಿತಿ ಬೆಲೆಯಲ್ಲಿ ಕೊಡಿ. ಅಚ್ಚಿನಲ್ಲಿಲ್ಲದ ಪುಸ್ತಕವಾದರೆ 100 ಪ್ರತಿಗಳನ್ನಾದರೂ ಡಿಜಿಟಲ್ ಮುದ್ರಣದಲ್ಲಿ ತೆಗೆಸಿಡಿ. ವೇದಿಕೆಯ ಮೇಲೆ ಓದಿ ಮನಸ್ಸು ಸೆಳೆದು, ಹೊರಗೆ ಬಂದಾಗ "ಪ್ರತಿಗಳಿಲ್ಲ" ಅನ್ನುವುದು ಸಲ್ಲದು.

ನೆನಪಿನ ಸಂಚಿಕೆ ತರುವುದಾದರೆ ಶುಭಾಶಯ ಸಂದೇಶ, ಜಾಹೀರಾತುಗಳಿಂದ ಅದನ್ನು ತುಂಬಬೇಡಿ. ಗ್ರಂಥಮಾಲೆ ತನ್ನ 25 ವರ್ಷದ ನೆನಪಿಗೆ ತಂದದ್ದು 'ನಡೆದು ಬಂದ ದಾರಿ' ಎಂಬ ಸಂಪುಟಗಳನ್ನು. ತನ್ನನ್ನು ಹೊಗಳಿಕೊಳ್ಳುವ ಬದಲು ಆಧುನಿಕ ಕನ್ನಡ ಸಾಹಿತ್ಯ ನಡೆದ ದಾರಿಯನ್ನೇ ಅಳೆದ ಕೆಲಸವದು. ಅದರಲ್ಲಿನ ಕೀರ್ತಿನಾಥ ಕುರ್ತಕೋಟಿಯವರ ವಿಮರ್ಶೆಯನ್ನು ವಿದ್ಯಾರ್ಥಿಗಳು ಈಗಲೂ ಹುಡುಕಿಕೊಂಡು ಹೋಗುತ್ತಾರೆ.

7. ಸಭಾಂಗಣ ಮತ್ತು ಆ ಸಂಜೆ

500 ಜನರ ಸಭಾಂಗಣದಲ್ಲಿ 120 ಜನ ಕೂತರೆ ವಾಚನ ಸೋಲುತ್ತದೆ. ಅದೇ 120 ಜನ ಒಂದು ಶಾಲೆಯ ಹಜಾರದಲ್ಲಿ, ಹಳೆಯ ಮನೆಯ ತೊಟ್ಟಿಯಲ್ಲಿ ಒತ್ತೊತ್ತಾಗಿ ಕೂತರೆ ಗೆಲ್ಲುತ್ತದೆ. ಬೆಂಗಳೂರಿನಲ್ಲಿ ರಂಗಶಂಕರದಂಥ ಜಾಗ ಸಿಕ್ಕಿದರೆ ಅಲ್ಲಿನ ಶಿಸ್ತನ್ನೂ ತೆಗೆದುಕೊಳ್ಳಿ: ಹೇಳಿದ ಹೊತ್ತಿಗೆ ಶುರು, ತಡವಾಗಿ ಬಂದವರಿಗೆ ಬಾಗಿಲು ತೆರೆಯುವುದಿಲ್ಲ. ಬಯಲಿನಲ್ಲಿ ಮಾಡುವುದಾದರೆ ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ರ ನಂತರ ಬಳಸುವಂತಿಲ್ಲ. ಜನರೇಟರ್ ಇದೆಯೇ ಎಂದು ಕೇಳಿದರೆ ಸಾಲದು, ಒಮ್ಮೆ ಚಾಲೂ ಮಾಡಿಸಿ ನೋಡಿ.

ಒಂದು ತಾಲೀಮು ಅದೇ ಜಾಗದಲ್ಲಿ, ಅದೇ ಮೈಕಿನಲ್ಲಿ ನಡೆಯಲೇಬೇಕು.

ಒಟ್ಟು ಎರಡು ಗಂಟೆ. ಮೊದಲ ಐದು ನಿಮಿಷದಲ್ಲೇ ಪುಸ್ತಕದ ದನಿ ಕೇಳಿಸಲಿ: ಸ್ವಾಗತಕ್ಕೆ ಮುಂಚೆಯೇ ಕತ್ತಲಲ್ಲಿ ಒಬ್ಬರು ಬಂದು ಮೊದಲ ಪುಸ್ತಕದ ಮೊದಲ ಪ್ಯಾರಾ ಓದಲಿ, ಆಮೇಲೆ ದೀಪ ಹಚ್ಚಿ. ನಂತರ ವಾಚನ, ಹಾಡು, ವಾಚನ, ಗೀತ-ಚಿತ್ರ, ಕೊನೆಗೆ ನಾಟಕದ ದೃಶ್ಯ. ನಡುವೆ ಒಂದೇ ಒಂದು ಭಾಷಣ, 10 ನಿಮಿಷ, ಅದೂ ಪ್ರಕಾಶಕರದು. ಯಾವ ಹಸ್ತಪ್ರತಿ ಓದಿ ರಾತ್ರಿ ನಿದ್ದೆ ಬರಲಿಲ್ಲ, ಯಾವ ಪುಸ್ತಕ ಮಾರಾಟವಾಗದಿದ್ದರೂ ಮತ್ತೆ ಅಚ್ಚು ಹಾಕುತ್ತಾರೆ ಎನ್ನುವುದನ್ನು ಅವರು ಹೇಳಲಿ. ಹಿಂದೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಆ ಶ್ರಮದ ಸಾಲಿನಲ್ಲಿ ನಿಂತವರ ಮಾತು ಕೇಳಲು ಜನರಿಗೆ ಹಂಬಲವಿದೆ. ಅತಿಥಿಗಳು ಮುಂದಿನ ಸಾಲಿನಲ್ಲಿ ಕೂತು ಕೇಳಲಿ, ವೇದಿಕೆಯ ಮೇಲೆ ಕುರ್ಚಿಗಳ ಸಾಲು ಬೇಡ.

ಮಾರಾಟದ ಮೇಜು ಬಾಗಿಲಿಗೂ ಚಹಾಕ್ಕೂ ನಡುವೆ ಇರಲಿ. ಓದಿದ ಪುಸ್ತಕಗಳನ್ನು ಮುಂದಿಟ್ಟು, "ಈಗ ಕೇಳಿದ ಭಾಗ 43ನೇ ಪುಟದಲ್ಲಿದೆ" ಎಂಬಂತೆ ಚೀಟಿ ಇಡಿ. ಯುಪಿಐ ಫಲಕ ಎರಡು ಕಡೆ, ಚಿಲ್ಲರೆ ಒಂದು ಡಬ್ಬಿ, ಪುಸ್ತಕ ಓದಿಕೊಂಡಿರುವ ಇಬ್ಬರು ಹುಡುಗರು. "ಇದರಲ್ಲಿ ಏನಿದೆ?" ಎಂದು ಕೇಳಿದವರಿಗೆ ಒಂದು ವಾಕ್ಯದಲ್ಲಿ ಹೇಳಬಲ್ಲವರು ಆ ಮೇಜಿನಲ್ಲಿ ಬೇಕು.

8. ಆಮೇಲಿನ ವಾರ

ವಾರದೊಳಗೆ ಎಲ್ಲರ ಸಂಭಾವನೆ ಮುಟ್ಟಿಸಿ, ಗೀತ-ಚಿತ್ರದ ಕ್ಯಾನ್ವಾಸು ಯಾರ ಬಳಿ ಇದೆ ಎಂದು ಬರೆದಿಡಿ, ಎರವಲು ತಂದ ಹಳೆಯ ಪ್ರತಿಗಳನ್ನು ಕೈಯಾರೆ ಹಿಂದಿರುಗಿಸಿ. ಧ್ವನಿಮುದ್ರಣದ ಕಡತಗಳಿಗೆ ದಿನಾಂಕ, ಓದಿದವರ ಹೆಸರು, ಪುಸ್ತಕದ ಹೆಸರು ಹಾಕಿ ಎರಡು ಕಡೆ ಉಳಿಸಿ.

ವಾಚನದ ಪ್ರತಿಗಳನ್ನು ಎಸೆಯಬೇಡಿ. ನಾಲ್ಕು ಜನ, ನಾಲ್ಕು ಸ್ಟೂಲು, ಒಂದು ಹಾರ್ಮೋನಿಯಂ ಇಷ್ಟಕ್ಕೆ ಮುಗಿಯುವ ಪ್ರಯೋಗ ಬಸ್ಸಿನಲ್ಲಿ ಎಲ್ಲಿಗೂ ಹೋಗಬಲ್ಲದು. 1985ರಿಂದ ನೀನಾಸಂ ತಿರುಗಾಟ ನಾಟಕಗಳನ್ನು ಊರೂರಿಗೆ ಒಯ್ದು ತೋರಿಸಿದೆ. ಅಷ್ಟು ದೊಡ್ಡದಲ್ಲದಿದ್ದರೂ ನಿಮ್ಮ ಜಿಲ್ಲೆಯ ಐದು ಕಾಲೇಜುಗಳಿಗೆ, ಕರೆ ಬಂದರೆ ಮುಂಬೈನ ಮೈಸೂರು ಅಸೋಸಿಯೇಷನ್‌ಗೆ, ದೆಹಲಿ ಕರ್ನಾಟಕ ಸಂಘಕ್ಕೆ ಹೋಗಿ ಬರಬಹುದು. ಕಾಲೇಜಿನ ಕನ್ನಡ ವಿಭಾಗಕ್ಕೆ ಬರೆಯುವ ಪತ್ರದಲ್ಲಿ ಮೂರು ವಿಷಯ ಸಾಕು: ಎಷ್ಟು ನಿಮಿಷದ ಪ್ರಯೋಗ, ಎಷ್ಟು ಮೈಕು ಬೇಕು, ಯಾವ ಪುಸ್ತಕಗಳು ಜೊತೆಗೆ ಬರುತ್ತವೆ. ಪ್ರಯಾಣದ ಖರ್ಚನ್ನು ಕಾಲೇಜು ಕೊಡಲಾಗದಿದ್ದರೆ ಅಷ್ಟೇ ಮೊತ್ತದ ಪುಸ್ತಕಗಳನ್ನು ಅವರ ಗ್ರಂಥಾಲಯ ಕೊಳ್ಳುವಂತೆ ಕೇಳಿ.